ಹಳೆಯ ಸೈಲೆನ್ಸರ್ ಎಲ್ಲಿ ಹೋಯಿತು?

"ಕಾರಿನ ಕೆಳಗೆ ಮಲಗೋದಕ್ಕೆ ನಿಮಗೆ ಅನುಮತಿ ಕೊಟ್ಟವರು ಯಾರು?"

ನನಗೆ ಕಾಣುತ್ತಿದ್ದದ್ದು ಎರಡು ಬೂಟುಗಳು ಮಾತ್ರ. ಮುಖ ನೋಡಿಕೊಂಡು ತಲೆ ಬಾಚಬಹುದು, ಅಷ್ಟು ಹೊಳಪು. ಸಾರ್ಜೆಂಟ್ ಬಾಯೋನಾ ಶ್ರದ್ಧೆಯಿಂದ ಮಾಡುವ ಕೆಲಸ ಅದೊಂದೇ ಇರಬೇಕು.

"ಯಾರೂ ಕೊಡ್ಲಿಲ್ಲ," ಎಂದೆ ಮಲಗಿದಲ್ಲಿಂದಲೇ. "ಬೇಡ ಅಂತಾನೂ ಯಾರೂ ಅನ್ಲಿಲ್ಲ. ಆ ಟಾರ್ಚ್ ಸ್ವಲ್ಪ ಈ ಕಡೆ ಹಿಡೀರಿ."

"ನಾನೇನು ನಿಮ್ಮನೆ ಆಳಾ?"

"ಜನಸೇವೆಗೆ ಅಂತ ಜೀಪಿನ ಮೇಲೆ ದೊಡ್ಡದಾಗಿ ಬರೆಸ್ಕೊಂಡಿದೀರಲ್ಲ, ಅದಕ್ಕೇ ಕೇಳ್ದೆ."

ಟಾರ್ಚ್ ಬರಲಿಲ್ಲ. ಬೂಟುಗಳೂ ಕದಲಲಿಲ್ಲ.

ಶುಕ್ರವಾರ ಸಂಜೆ ಸಮುದ್ರದ ದಾರಿಯ ತಿರುವಿನಲ್ಲಿ, ಐಸ್ ಹೆರೆದು ಶರಬತ್ತು ಸುರಿದು ಮಾರುವ ದೋನ್ ಎಫ್ರೇನ್ ಅವರ ಗಾಡಿಗೆ ಯಾವುದೋ ಕಾರು ತಾಗಿ, ಮುದುಕರು ಮೋರಿಗೆ ಬಿದ್ದರು. ಇವತ್ತಿಗೂ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿಲ್ಲ. ಕಾರು ನಿಲ್ಲಲಿಲ್ಲ. ಅದನ್ನು ಕಂಡವರು ಒಬ್ಬರೂ ಇಲ್ಲ. ಕೇಳಿದವರು ಮಾತ್ರ ಊರೆಲ್ಲ.

ಆ ಕೇಳಿದ್ದರ ಮೇಲೆಯೇ ಜಾದ್ರಿಯೆಲ್ ಎಂಬ ಹುಡುಗ ಒಳಗಿದ್ದಾನೆ. ನಾಳೆ ಬೆಳಿಗ್ಗೆ ಅವನನ್ನು ಜಡ್ಜ್ ಮುಂದೆ ನಿಲ್ಲಿಸುತ್ತಾರೆ. ಅಷ್ಟರಲ್ಲಿ ಅವನ ವಕೀಲೆಯಾದ ನಾನು ಏನನ್ನಾದರೂ ತಂದು ಮೇಜಿನ ಮೇಲಿಡದಿದ್ದರೆ, ಅವನ ಮಗಳು ಅಪ್ಪನ ಹೆಗಲೇರುವ ವಯಸ್ಸನ್ನು ದಾಟಿದ ಮೇಲೆಯೇ ಅವನು ಹೊರಗೆ ಬರುವುದು. ಮಗುವಿಗೆ ಈಗಿನ್ನೂ ಕತ್ತು ನಿಂತಿಲ್ಲ.

ಈ ಪುಂತಾ ಬ್ರಾವಾ ಊರಿನಲ್ಲಿ ಕಾರು ಹೋದರೆ ತಲೆ ಎತ್ತಿ ನೋಡುವವರಿಲ್ಲ. ಕಿವಿ ಸಾಕು. ಇವನ ಕಾರು, ಅವಳ ಕಾರು, ಪಾದ್ರಿಗಳ ಕಾರು ಎಂದು ಡಾಮಿನೊ ಕಾಯಿ ಜೋಡಿಸುತ್ತಲೇ ಹೇಳುತ್ತಾರೆ. ಅದರಲ್ಲೂ ಜಾದ್ರಿಯೆಲ್‌ನ ಪುಟ್ಟ ಜಪಾನಿ ಕಾರಿನ ದನಿ ಎಂದರೆ ಊರಿನ ಮಗುವಿಗೆ ಊರೇ ಸೇರಿ ಹೆಸರಿಟ್ಟ ಹಾಗೆ.

ಎಲ್ಲರೂ ನೋಡುತ್ತಿರುವಾಗಲೇ ಅವನು ಅದನ್ನು ಆರಿಸಿಕೊಂಡದ್ದು. ಕೊಳವೆ ದಪ್ಪಗಾದಷ್ಟೂ ದನಿ ದಪ್ಪಗಾಗುತ್ತದೆ ಎಂದು ನಂಬಿ ಮೊದಲು ದಪ್ಪ ಪೈಪ್ ಹಾಕಿಸಿದ. ಕಾರು ಡಬ್ಬದಲ್ಲಿ ಸಿಕ್ಕಿಬಿದ್ದ ದುಂಬಿಯ ಹಾಗೆ ಗುಂಯ್‌ಗುಟ್ಟಿತು. ಏರಿನಲ್ಲಿ ಏದುಸಿರೂ ಬಿಟ್ಟಿತು. ತೆಗೆಸಿ ಸಣ್ಣದು ಹಾಕಿಸಿದ. ಆಮೇಲೆ ಒಳಗೆ ಗೂಡುಗೂಡಾಗಿರುವ ಸೈಲೆನ್ಸರ್. ಅದು ತೀರಾ ಸಂಕೋಚದ್ದು, ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಿದ ಹಾಗೆ. ಕೊನೆಗೆ ಸಿಕ್ಕಿತು: ಒಳಗೆ ನೇರ ಕೊಳವೆ, ಅದರ ತುಂಬ ತೂತು, ಸುತ್ತಲೂ ಒತ್ತಾಗಿ ತುಂಬಿದ ಉಕ್ಕಿನ ನಾರು. ಹೆದ್ದಾರಿಯಲ್ಲಿ ತಲೆ ಕೆಡಿಸುವುದಿಲ್ಲ, ಏರಿನಲ್ಲಿ ಗಂಟಲು ತುಂಬಿ ಹಾಡುತ್ತದೆ. ಅಂಗಡಿಯ ಜಗುಲಿಯಲ್ಲಿ ಕೂತವರು ಆವತ್ತು ಡಾಮಿನೊ ನಿಲ್ಲಿಸಿ ಚಪ್ಪಾಳೆ ಹೊಡೆದರಂತೆ.

ಅದೇ ಜನ, ಅದೇ ಜಗುಲಿ. ಶುಕ್ರವಾರ ರಸ್ತೆಗೆ ಬೆನ್ನು ಹಾಕಿ ಕೂತಿದ್ದವರು ಈಗ ಪ್ರಮಾಣ ಮಾಡಿ ಹೇಳುತ್ತಿದ್ದಾರೆ: ಹೋದದ್ದು ಜಾದ್ರಿಯೆಲ್‌ನ ಕಾರೇ.

ನಾನು ಕಾರಿನ ಕೆಳಗಿನಿಂದ ತೆವಳಿ ಎದ್ದೆ.

"ಸಾರ್ಜೆಂಟ್, ಈ ಕಾರಿನ ಕೀ ಎಲ್ಲಿ?"

"ಚೀಲದಲ್ಲಿ ಹಾಕಿ ಮುದ್ರೆ ಒತ್ತಿದೀವಿ."

"ಮುದ್ರೆ ಒತ್ತೋಕೆ ಮುಂಚೆ ಒಂದ್ಸಲ ತಿರುಗಿಸಿದ್ರಾ?"

"ಭಾನುವಾರ ಟ್ರಕ್ಕಿಗೆ ಏರಿಸ್ಕೊಂಡು ತಂದ್ವಿ. ತಿರುಗಿಸೋ ಪ್ರಮೇಯ ಏನು?"

ನನ್ನ ನೆತ್ತಿ ಬಿಸಿಯಾಯಿತು. ದನಿಯ ಮೇಲೆ ಒಬ್ಬನನ್ನು ಹಿಡಿದು ಒಳಗೆ ಹಾಕಿದ್ದಾರೆ. ದನಿ ಬರುವ ಯಂತ್ರ ಇವರ ಅಂಗಳದಲ್ಲೇ ನಿಂತಿದೆ. ಠಾಣೆಯಲ್ಲಿ ಇಷ್ಟು ಜನ, ಸರ್ಕಾರಿ ವಕೀಲರ ಕಚೇರಿಯಲ್ಲಿ ಅಷ್ಟು ಜನ. ಒಬ್ಬರಿಗೂ ಕೀ ತಿರುಗಿಸಿ ನೋಡೋಣ ಅನ್ನಿಸಲಿಲ್ಲ. ಕೋಳಿ ಕದ್ದ ಪ್ರಕರಣವಾದರೂ ಪುಕ್ಕ ಹುಡುಕುತ್ತಾರಲ್ಲ!

"ತಿರುಗಿಸಿ. ಈಗ. ನನ್ನ ಎದುರಿಗೆ. ಇಲ್ಲದಿದ್ರೆ ನಾಳೆ ಜಡ್ಜ್ ಎದುರಿಗೆ ಇದೇ ಪ್ರಶ್ನೆ ಕೇಳ್ತೀನಿ, ನಿಮ್ಮ ಹೆಸರು ಹಿಡಿದೇ ಕೇಳ್ತೀನಿ."

ಗೊಣಗುತ್ತ ಚೀಲ ತಂದ. ಗೊಣಗುತ್ತ ಮುದ್ರೆ ಒಡೆದ. ಕೀ ತಿರುಗಿತು.

ಕಾರು ಹಾಲು ಕುಡಿದು ಮಲಗಿದ ಬೆಕ್ಕಿನ ಹಾಗೆ ಗುರುಗುಟ್ಟಿತು. ಪಕ್ಕದ ಮನೆಯ ರೇಡಿಯೊ ಅದಕ್ಕಿಂತ ಜೋರಾಗಿತ್ತು.

ಬಾಯೋನಾನ ಮುಖ ಒಂದು ಗಳಿಗೆ ಮನುಷ್ಯನ ಮುಖವಾಯಿತು. ಆಮೇಲೆ ಮತ್ತೆ ಸಾರ್ಜೆಂಟ್.

"ಆಮೇಲೆ ಬದಲಾಯಿಸಿದಾನೆ. ಶುಕ್ರವಾರ ಗುದ್ದಿದಾನೆ, ಶನಿವಾರ ಮೆತ್ತಗಿಂದು ಹಾಕಿಸಿದಾನೆ. ಸಾಕ್ಷ್ಯನಾಶ. ನೀವೇ ಹುಡುಕಿಕೊಟ್ರಿ, ತುಂಬಾ ಉಪಕಾರ."

"ಬಗ್ಗಿ ನೋಡಿ."

"ಪ್ಯಾಂಟು ಕೊಳೆಯಾಗುತ್ತೆ."

"ಬಗ್ಗಿ!"

ಬಗ್ಗಿದ. ಹೊಸ ಸೈಲೆನ್ಸರಿನ ಹೊಟ್ಟೆಯ ಮೇಲೆ, ಅದರ ಮುಂದಿನ ಸಣ್ಣ ಡಬ್ಬಿಯ ಮೇಲೆ, ಕಪ್ಪು ಚುಕ್ಕೆಗಳು. ಉಗುರಿನಿಂದ ಕೆರೆದರೂ ಬರುವುದಿಲ್ಲ; ತಳ ಹಿಡಿದ ಅನ್ನದ ಹಾಗೆ ಬೆಂದು ಕಚ್ಚಿಕೊಂಡಿವೆ.

"ಡಾಂಬರು," ಎಂದೆ. "ಇವನ ಮನೆ ಮುಂದಿನ ರಸ್ತೆಯಲ್ಲಿ ವರ್ಷಗಟ್ಟಲೆ ಗುಂಡಿ ಬಿಟ್ರೆ ಏನೂ ಇರ್ಲಿಲ್ಲ. ಚುನಾವಣೆ ಬಂತು, ಡಾಂಬರೂ ಬಂತು. ಸುರಿದಿದ್ದು ಬುಧವಾರ. ನಿಮಗೂ ಗೊತ್ತು, ಮೇಯರು ಬಂದು ಹಾಡು ಹಾಡಿಸಿದಾಗ ಜನಾನ ಹಿಂದಕ್ಕೆ ತಳ್ತಾ ಇದ್ದಿದ್ದು ನೀವೇ. ಗುರುವಾರದ ಹೊತ್ತಿಗೆ ರಸ್ತೆ ಕಲ್ಲಾಯ್ತು. ಹಸಿ ಡಾಂಬರು ಸಿಡಿದಿದ್ರೆ ಬುಧವಾರವೇ ಸಿಡಿದಿರಬೇಕು. ಅಂದ್ರೆ ಈ ಮೆತ್ತಗಿನ ಸೈಲೆನ್ಸರ್ ಬುಧವಾರಕ್ಕೆ ಮುಂಚೇನೇ ಕಾರಲ್ಲಿತ್ತು. ಶುಕ್ರವಾರ ಜನ ಕೇಳಿದ ದನಿ ಈ ಕಾರಿಂದಲ್ಲ."

ಅವನು ಎದ್ದು ಮಂಡಿ ಕೊಡವಿಕೊಂಡ.

"ಡಾಂಬರು ಕಟಕಟೆ ಹತ್ತಿ ಮಾತಾಡಲ್ಲ, ಸೆನ್ಯೋರಾ ಅಸುಸೇನಾ. ಊರ ಜನ ಮಾತಾಡ್ತಾರೆ. ಅದೇ ದನಿಯ ಇನ್ನೊಂದು ಕಾರು ತಂದು ನಿಲ್ಲಿಸಿ. ಹುಡುಗನ್ನ ನಾನೇ ಮನೆವರೆಗೂ ಬಿಟ್ಟುಬರ್ತೀನಿ."

"ಮಾತು?"

"ಮಾತು."

ಠಾಣೆಯ ಹೊರಗೆ ನನ್ನ ಕಾರಿನಲ್ಲಿ ದೋನ್ಯಾ ಕಾಸಿಲ್ದಾ ಕಾಯುತ್ತಿದ್ದರು. ಜಾದ್ರಿಯೆಲ್‌ನ ಅಜ್ಜಿ. ಅವನನ್ನು ಸಾಕಿದವರು. ಈ ಕೆಲಸಕ್ಕೆ ನನ್ನನ್ನು ಕರೆದವರೂ ಅವರೇ. ಅವರ ಕಾರು ಕೆಟ್ಟು ಮನೆಯ ಮುಂದಿನ ಚಪ್ಪರದಡಿ ನಿಂತಿರುವುದರಿಂದ ವಾರವಿಡೀ ನನ್ನ ಜೊತೆಗೇ ಓಡಾಟ.

ಅವರಿಗೆ ಕಿವಿ ಕೇಳುವುದಿಲ್ಲ, ತುಟಿ ಓದುತ್ತಾರೆ. ಕಾರು ಓಡಿಸುತ್ತ ಮುಖ ತಿರುಗಿಸಿ ಮಾತಾಡಿದರೆ "ರಸ್ತೆ ನೋಡೇ!" ಎಂದು ಬೈಯುತ್ತಾರೆ. ಮುಖ ತಿರುಗಿಸದಿದ್ದರೆ "ಮೂಗಿಯಾ ನೀನು?" ಎಂದು ಬೈಯುತ್ತಾರೆ.

"ತಗೋ, ತಿನ್ನು," ಎಂದು ಕಾಗದದಲ್ಲಿ ಸುತ್ತಿದ, ಮಾಂಸ ತುಂಬಿ ಕರಿದ ಅಲ್ಕಪುರಿಯಾ ಕೈಗಿಟ್ಟರು. ಇನ್ನೂ ಬಿಸಿಯಿತ್ತು. "ಮಕ್ಕಳಿಗೆ ಡಬ್ಬಿ ಕಟ್ಟಿ ಕಳಿಸಿ ನೀನು ಖಾಲಿ ಹೊಟ್ಟೇಲಿ ಬಂದಿದೀಯ. ಮುಖ ನೋಡಿದ್ರೆ ಗೊತ್ತಾಗುತ್ತೆ. ಏನಂದ ಆ ಬೂಟು?"

ಹೇಳಿದೆ. ಡಾಂಬರಿನ ಮಾತಿಗೆ ಎದೆಯ ಮೇಲೆ ಶಿಲುಬೆ ಎಳೆದುಕೊಂಡರು. ಕಣ್ಣು ಒದ್ದೆಯಾಯಿತು, ಆದರೆ ದನಿ ಒದ್ದೆಯಾಗಲಿಲ್ಲ.

"ಹಂಗಾದ್ರೆ ಇನ್ಯಾರೋ ಪಾಪಿ ಆರಾಮಾಗಿ ಉಂಡು ತಿರುಗ್ತಾ ಇದಾನೆ. ನಾನು ದಿನಾ ಎಫ್ರೇನ್ ಹಾಸಿಗೆ ಪಕ್ಕ ಕೂತು ಬರ್ತೀನಿ, ಮಗಳೇ. ಅವನ ಹೆಂಡ್ತಿ ಸತ್ತಾಗ ಅಡುಗೆ ಮಾಡಿ ಹಾಕಿದೋಳು ನಾನು. ಆ ಪಾಪಿ ಸಿಗ್ಲಿ. ಕಿವಿ ಹಿಡ್ಕೊಂಡು ಎಳ್ಕೊಂಡು ಹೋಗಿ ಆ ಹಾಸಿಗೆ ಮುಂದೆ ಮಂಡಿ ಊರಿಸ್ತೀನಿ. ಆಮೇಲೆ ಜೈಲಾದ್ರೂ ಹಾಕ್ಲಿ, ನೇಣಾದ್ರೂ ಹಾಕ್ಲಿ."

"ಸಿಗ್ತಾನೆ, ದೋನ್ಯಾ," ಎಂದೆ ಅವರ ಕಡೆ ತಿರುಗಿ.

"ರಸ್ತೆ ನೋಡೇ!"

ವಿಲ್ಬೆರ್ತೊನ ಅಂಗಡಿ ಹಳೆಯ ಸಕ್ಕರೆ ಗಿರಣಿಯ ಎದುರಿಗೆ. ಈ ಕಡೆಯ ಹುಡುಗರಿಗೆ ಅದು ಗುಡಿಯಿದ್ದ ಹಾಗೆ. ಗೋಡೆಯ ತುಂಬ ಸೈಲೆನ್ಸರುಗಳನ್ನು ಕೊಕ್ಕೆಗೆ ನೇತುಹಾಕಿದ್ದಾನೆ. ಹುಡುಗರು ಬಂದು ಬೆರಳ ಗೆಣ್ಣಿನಿಂದ ತಟ್ಟಿ, ಕಣ್ಣು ಮುಚ್ಚಿ ಕೇಳಿ, ಜಗಳವಾಡಿ, ನಾಳೆ ಬರ್ತೀವಿ ಎಂದು ಹೋಗುತ್ತಾರೆ. ವಿಲ್ಬೆರ್ತೊಗೆ ತನ್ನ ಕೈಕೆಲಸದ ಬಗ್ಗೆ ಎಷ್ಟು ಜಂಬವೆಂದರೆ, ಬೆಸುಗೆ ಹಾಕಿದ ಜಾಗಕ್ಕೆಲ್ಲ ಬೆಳ್ಳಿ ಬಣ್ಣ ಬಳಿಯುತ್ತಾನೆ. ಯಾರೂ ನೋಡದ ಕಾರಿನ ಅಡಿಗೆ ಬೆಳ್ಳಿ ಬಣ್ಣ!

ನನ್ನನ್ನು ಕಂಡು ನಕ್ಕ. ನನ್ನ ಹಿಂದೆ ಇಳಿದವರನ್ನು ಕಂಡು ನಗು ಹೋಯಿತು. ಬೆಸುಗೆಯ ಮುಖವಾಡವನ್ನು ಮುಖಕ್ಕೆ ಎಳೆದುಕೊಂಡ.

"ಆ ಮುಖವಾಡ ಮೇಲೆತ್ತಿ," ಎಂದೆ. "ಬೆಂಕಿ ಹಚ್ಚೇ ಇಲ್ಲ, ಯಾಕೆ ಮುಖ ಮುಚ್ಕೋತೀರಿ?"

"ಕೆಲಸ ಇದೆ, ಸೆನ್ಯೋರಾ."

"ಜಾದ್ರಿಯೆಲ್ ಕಾರಿಗೆ ಮೆತ್ತಗಿನ ಸೈಲೆನ್ಸರ್ ಹಾಕಿದ್ದು ನೀವೇ ತಾನೆ?"

"ಎಷ್ಟೋ ಕಾರು ಬರುತ್ತೆ, ಹೋಗುತ್ತೆ."

"ಬೆಳ್ಳಿ ಬಣ್ಣ ಬಳಿದಿರೋದು ಈಗ್ತಾನೆ ನೋಡ್ಕೊಂಡು ಬಂದೆ."

ಅವನು ಮುಖವಾಡ ಎತ್ತಿದ. ಹಣೆಯಲ್ಲಿ ಬೆವರು.

"ಹಾಕಿದೆ. ಮಗು ಬೆಚ್ಚಿಬೀಳುತ್ತೆ ಅಂದ. ಅಪ್ಪ ಮನೆಗೆ ಬಂದಾಗೆಲ್ಲ ಮಗು ಕಿಟಾರ್ ಅಂತ ಅಳುತ್ತಂತೆ. ಹಾಕಿಕೊಟ್ಟೆ."

"ಡಾಂಬರು ಸುರಿಯೋಕೆ ಮುಂಚೆ?"

"ಮುಂಚೆ."

"ಪೊಲೀಸರಿಗೆ ಹೇಳಿದ್ರಾ?"

"ಅವರು ಕೇಳ್ಲಿಲ್ಲ."

ಅಷ್ಟು ಸಲೀಸಾಗಿ ಹೇಳಿದ! ಅವರು ಕೇಳಲಿಲ್ಲ. ಇವನು ಹೇಳಲಿಲ್ಲ. ನಡುವೆ ಒಬ್ಬ ಹುಡುಗ ಕಬ್ಬಿಣದ ಮಂಚದ ಮೇಲೆ ಗೋಡೆ ನೋಡುತ್ತ ಮಲಗಿದ್ದಾನೆ. ನಾನು ನೋಡಲು ಹೋದಾಗಲೆಲ್ಲ ಅವನು ಆಡುವುದು ಎರಡೇ ಮಾತು: ನಾನಲ್ಲ, ಅಜ್ಜಿ ಊಟ ಮಾಡಿದ್ರಾ?

"ಒಂದು ಮಾತು ಬಾಯಿಬಿಟ್ಟಿದ್ರೆ ಅವನು ಮನೇಲಿರ್ತಿದ್ದ! ಯಾಕೆ ಬಿಡ್ಲಿಲ್ಲ, ನಾನೇ ಹೇಳ್ಲಾ? ಬಾಯಿಬಿಟ್ರೆ ಮುಂದಿನ ಪ್ರಶ್ನೆ ಬರುತ್ತೆ. ಹಳೇ ಸೈಲೆನ್ಸರ್ ಎಲ್ಲಿ?"

ಅವನು ಗೋಡೆಯ ಕಡೆ ನೋಡಿದ. ನಾನೂ ನೋಡಿದೆ. ಅಲ್ಲಿ ಅದು ಇರಲಿಲ್ಲ.

ಹೊಸದು ಹಾಕಿಸಿಕೊಂಡರೆ ಹಳೆಯದು ಅಂಗಡಿಯವನದ್ದು. ಇದು ನಮ್ಮ ಕಡೆಯ ರೂಢಿ. ಯಾರೂ ಮೀರಿದ್ದನ್ನು ನಾನು ಕಂಡಿಲ್ಲ. ಹಳೆಯದನ್ನು ತೊಳೆದು, ಉಜ್ಜಿ, ಇನ್ನೊಬ್ಬನ ಕಾರಿಗೆ ಏರಿಸುತ್ತಾರೆ. ಊರು ಚಪ್ಪಾಳೆ ಹೊಡೆದ ದನಿ. ಅದಕ್ಕೆ ಆಸೆಪಡುವವರು ಬೇಕಾದಷ್ಟು.

"ಯಾರಿಗೆ ಕೊಟ್ರಿ ಅದನ್ನ?"

ಅವನು ನೆಲದ ಮೇಲಿದ್ದ ಬೋಲ್ಟೊಂದನ್ನು ಕಾಲಿನಿಂದ ಆಚೆ ಸರಿಸಿದ.

"ದೊಡ್ಡ ಮನುಷ್ಯರ ಮಗನಾ? ಮೇಯರ್ ಕಡೆಯವನಾ? ಹೆದರ್ತೀರಾ?"

"ಹೆದರಿಕೆ ಅಲ್ಲ."

"ಮತ್ತೆ ಏನು?"

ಅಷ್ಟರಲ್ಲಿ ದೋನ್ಯಾ ಕಾಸಿಲ್ದಾ ನಮ್ಮಿಬ್ಬರ ನಡುವೆ ಬಂದು ನಿಂತರು. ಅತ್ತಿತ್ತ ತಿರುಗುವ ನಮ್ಮ ತುಟಿಗಳಲ್ಲಿ ಅರ್ಧವೂ ಓದಲು ಸಿಗದೆ, ಅವನು ಬಾಯಿಬಿಡುತ್ತಿಲ್ಲವೆಂಬುದಷ್ಟೇ ತಿಳಿದು ಅವರಿಗೆ ಸಹನೆ ಮುಗಿದಿತ್ತು. ಅವರ ದನಿಗೆ ಗಿರಣಿಯ ಮೇಲಿದ್ದ ಪಾರಿವಾಳಗಳು ಹಾರಿದವು.

"ಎಲೈ ವಿಲ್ಬೆ! ಶಾಲೆ ಅಡುಗೆಮನೇಲಿ ನಿನಗೆ ಮೇಲಿಂದ ಮೇಲೆ ಅನ್ನ ಬಡಿಸಿದೋಳು ನಾನು. ಬೇರೆ ಹುಡುಗರಿಗೆ ಸಿಗ್ದೇ ಇರೋ ಕೋಳಿ ಕಾಲು ನಿನ್ನ ತಟ್ಟೆಗೆ ಬೀಳ್ತಿತ್ತು. ಮರೆತ್ಯೇನೋ? ಅದೇ ಬಾಯಿ ಈಗ ನನ್ನ ಮೊಮ್ಮಗನಿಗೋಸ್ಕರ ತೆರೆಯಲ್ವಾ?"

"ಮರೆತಿಲ್ಲ, ದೋನ್ಯಾ." ನೆಲ ನೋಡುತ್ತ ಹೇಳಿದ. ಅವರಿಗೆ ತಿಳಿಯಲಿಲ್ಲ.

"ಏನಂದ? ತಲೆ ಎತ್ತಿ ಮಾತಾಡೋಕೆ ಹೇಳು ಅವನಿಗೆ!"

ಅವನು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ. "ದೋನ್ಯಾ ಅವರನ್ನ ಕಾರಲ್ಲಿ ಕೂರಿಸಿ ಬನ್ನಿ. ನಿಮ್ಮೊಬ್ಬರಿಗೆ ಹೇಳ್ತೀನಿ."

ಇಷ್ಟು ದಿನ ತಡೆದಿಟ್ಟುಕೊಂಡಿದ್ದೆಲ್ಲ ಆಗ ಒಡೆಯಿತು. ಕೀ ತಿರುಗಿಸದ ಸಾರ್ಜೆಂಟ್, ಕತ್ತು ತಿರುಗಿಸದೆ ಪ್ರಮಾಣ ಮಾಡುವ ಊರು, ಈಗ ಇವನು.

"ಯಾಕೆ? ಅವರು ಏನು ಮಾಡಿದಾರೆ ಹೊರಗೆ ಹೋಗೋಕೆ? ಸೆರೆಮನೇಲಿರೋದು ಅವರ ಮೊಮ್ಮಗ. ಆಸ್ಪತ್ರೇಲಿರೋದು ಅವರ ಗೆಳೆಯ. ಎರಡೂ ಕಡೆ ಬುತ್ತಿ ಹೊತ್ತು ಓಡಾಡ್ತಾ ಇರೋದು ಅವರು. ಗುಟ್ಟು ಗಿಟ್ಟು ಏನೂ ಬೇಡ. ಅವರ ಎದುರಿಗೇ ಹೇಳು ನೀನು!"

"ಏಕವಚನಕ್ಕೆ ಇಳಿದ್ರಾ?" ಎಂದ. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸುಸ್ತಿತ್ತು. "ಸರಿ. ಕೇಳ್ಕೊಳ್ಳಿ."

ಅವನು ಮುದುಕಿಯ ಕಡೆ ಪೂರ್ತಿ ಬೆನ್ನು ಮಾಡಿ, ಸೈಲೆನ್ಸರುಗಳ ಗೋಡೆಗೆ ಮುಖ ಕೊಟ್ಟು ನಿಂತ. ನಾನು ಅವನ ಪಕ್ಕಕ್ಕೆ ಹೋಗಬೇಕಾಯಿತು.

"ಹುಡುಗ ಹಳೇದನ್ನ ನಂಗೆ ಬಿಡ್ಲಿಲ್ಲ. ರೂಢಿ ಹೇಳ್ದೆ, ಕೇಳ್ಲಿಲ್ಲ. ಟವೆಲ್‌ನಲ್ಲಿ ಸುತ್ಕೊಂಡು ಕಂಕುಳಲ್ಲಿಟ್ಕೊಂಡ. ಮಗಳು ಸ್ವಲ್ಪ ದೊಡ್ಡೋಳಾಗ್ಲಿ, ಅವಳಿಗೂ ಇದು ಇಷ್ಟ ಆಗುತ್ತೆ, ಆಗ ಮತ್ತೆ ಹಾಕಿಸ್ತೀನಿ ಅಂದ. ಮನೆಗೆ ಒಯ್ದು ಇಟ್ಟಿದ್ದ."

"ಅಂದ್ರೆ ಮನೇಲೇ ಇದೆಯಾ?"

"ಶುಕ್ರವಾರದವರೆಗೆ ಇತ್ತು. ಶುಕ್ರವಾರ ಮಧ್ಯಾಹ್ನ ಇಲ್ಲಿಗೆ ವಾಪಸ್ ಬಂತು. ಬೇರೆ ಕಾರಿನ ಜೊತೆ. ಅದೇ ಕಂಪನಿ, ಅದೇ ಎಂಜಿನ್. ಒಂದರ ಸಾಮಾನು ಒಂದಕ್ಕೆ ಆಗುತ್ತೆ ಅಂತ ಜಾದ್ರಿಯೆಲ್ಲೇ ಕೊಡಿಸಿದ್ದ ಜೋಡಿ ಕಾರು. ಅದರ ಸೈಲೆನ್ಸರ್ ಉಪ್ಪುಗಾಳಿಗೆ ತುಕ್ಕು ಹಿಡಿದು, ಮುರಿದು, ರಸ್ತೆ ಮೇಲೆ ಎಳೀತಾ ಇತ್ತು."

ಅವನು ಒಂದು ಸೈಲೆನ್ಸರನ್ನು ಬೆರಳಿನಿಂದ ಸವರಿದ. ಕೆಲಸ ಮಾಡುತ್ತಿರುವವನ ಹಾಗೆ.

"ಹೊಸದು ತೋರಿಸ್ದೆ. 'ಮನೇಲಿ ಒಳ್ಳೇದು ಸುಮ್ನೆ ಬಿದ್ದಿದೆ, ಹೊಸದು ಯಾಕೋ, ಇದನ್ನೇ ಹಾಕು' ಅಂದ್ರು. ನಾನು ನಕ್ಕೆ. ಇದು ಹುಡುಗರ ಸಾಮಾನು, ಊರೆಲ್ಲ ಗರ್ಜಿಸುತ್ತೆ ಅಂದೆ. 'ಗರ್ಜಿಸ್ಲಿ ಬಿಡೋ' ಅಂದ್ರು. 'ನಂಗೇನು ಕೇಳುತ್ತಾ?'"

ಬೆನ್ನ ಹಿಂದೆ ನಿಂತಿದ್ದ ದೋನ್ಯಾ ಕಾಸಿಲ್ದಾ ಕಡೆ ತಿರುಗದೆ ನಾನು ಗೋಡೆಯನ್ನೇ ನೋಡಿದೆ.

ಜಗುಲಿಯ ಮುದುಕನೊಬ್ಬ ಮೊನ್ನೆ ಹೇಳಿದ್ದ: ಆವತ್ತು ಜಾದ್ರಿಯೆಲ್ ಎತ್ತಿನಗಾಡಿ ಥರ ಮೆಲ್ಲಗೆ ಹೋದ, ನಮ್ಮನ್ನ ಅಣಕಿಸ್ತಾ ಇದಾನೆ ಅಂದ್ಕೊಂಡ್ವಿ. ಸಂಜೆ ಆ ತಿರುವಿನಲ್ಲಿ ಮುಳುಗುವ ಸೂರ್ಯ ನೆಟ್ಟಗೆ ಕಣ್ಣಿಗೇ ಬಡಿಯುತ್ತದೆ. ಐಸ್ ಗಾಡಿಯ ಕೊಡೆಗೆ ಕಾರಿನ ಪಕ್ಕದ ಕನ್ನಡಿ ಸಿಕ್ಕಿಕೊಂಡರೆ ಆಗುವುದು ಒಂದು ಸಣ್ಣ ಸದ್ದು. ಕೇಳುವವರಿಗೆ. ಚಪ್ಪರದಡಿ ಹೊದಿಕೆ ಹೊದ್ದು ನಿಂತ ಆ ಕೆಟ್ಟ ಕಾರಿನ ಪಕ್ಕ ನಾನು ವಾರವಿಡೀ ಓಡಾಡಿದ್ದೇನೆ. ಬಲಗಡೆ ಕನ್ನಡಿಯಿರಬೇಕಾದಲ್ಲಿ ಹೊದಿಕೆ ಉಬ್ಬಿಲ್ಲದೆ ಚಪ್ಪಟೆಯಾಗಿ ಇಳಿಬಿದ್ದಿದ್ದು ಈಗ ಕಣ್ಣಿಗೆ ಕಟ್ಟಿತು.

"ಆ ಕಾರು ಕೆಟ್ಟಿಲ್ಲ," ಎಂದೆ.

"ಇಲ್ಲ. ಬ್ಯಾಟರಿ ತಂತಿ ಕಿತ್ತಿಟ್ಟಿದಾನೆ ಹುಡುಗ. ಶುಕ್ರವಾರ ಸಂಜೆ ಅಂಗಳದಲ್ಲಿ ತನ್ನದೇ ದನಿ ಕೇಳಿ ಹೊರಗೆ ಓಡಿಬಂದನಂತೆ. ಕನ್ನಡಿ ನೋಡಿದ. ಆಮೇಲೆ ಸುದ್ದಿ ಬಂತು. ಮಾರನೇ ದಿನ ಇಲ್ಲಿಗೆ ಬಂದು ನನ್ನ ಎರಡೂ ಕೈ ಹಿಡ್ಕೊಂಡ. ಯಾರಿಗಾದ್ರೂ ಗೊತ್ತಾಗ್ಲಿ, ಅಜ್ಜಿಗೆ ಮಾತ್ರ ಗೊತ್ತಾಗಬಾರದು ಅಂದ. ನಾನು ಮಾತು ಕೊಟ್ಟೆ."

"ಅವರಿಗೆ ಏನೂ…"

"ಏನೂ ಗೊತ್ತಿಲ್ಲ. ಆ ಪಾಪಿ ಸಿಗ್ಲಿ ಅಂತ ದಿನಾ ಮೇಣದಬತ್ತಿ ಹಚ್ತಾ ಇದಾರೆ."

ವಾರದಿಂದ ಉರಿಯುತ್ತಿದ್ದ ಸಿಟ್ಟು ಇನ್ನೂ ಹಾಗೇ ಇತ್ತು. ಅದನ್ನು ಯಾರ ಮೇಲೆ ಸುರಿಯಬೇಕೆಂದು ಮಾತ್ರ ತಿಳಿಯಲಿಲ್ಲ. ನಾಳೆ ಬೆಳಿಗ್ಗೆಗೆ ಬೇಕಾಗಿದ್ದ ಕಾರು ಸಿಕ್ಕಿತ್ತು. ಸಾರ್ಜೆಂಟ್ ಮಾತೂ ಕೊಟ್ಟಿದ್ದ. ಆ ಚಪ್ಪರದಡಿಯಿಂದ ಅದನ್ನು ಹೊರಗೆ ತಂದು ನಿಲ್ಲಿಸಿದರೆ ಹುಡುಗ ಮನೆಗೆ ಬರುತ್ತಾನೆ. ಆದರೆ ಮನೆಯಲ್ಲಿ ಅವನಿಗೆ ಬಾಗಿಲು ತೆರೆಯುವವರು?

ಹಿಂದಿನಿಂದ ಒಂದು ಕೈ ನನ್ನ ಭುಜ ಹಿಡಿಯಿತು. ಅಡುಗೆಯ ದೊಡ್ಡ ಪಾತ್ರೆಗಳನ್ನು ಎತ್ತಿ ಇಳಿಸಿದ, ಇನ್ನೂ ಶಕ್ತಿ ಕುಂದದ ಕೈ.

"ನಿನ್ನ ಬೆನ್ನು ನೋಡಿದ್ರೇ ಗೊತ್ತಾಯ್ತು ನಂಗೆ," ಎಂದರು ದೋನ್ಯಾ ಕಾಸಿಲ್ದಾ. "ಹೆಸರು ಹೇಳಿದ, ಅಲ್ವಾ?"

ನಾನು ತಲೆಯಾಡಿಸಿರಬೇಕು.

ಅವರ ಮುಖ ಅರಳಿತು. ವಾರದಲ್ಲಿ ಮೊದಲ ಸಲ. ಎರಡು ಬೆರಳಿನಿಂದ ನನ್ನ ಗದ್ದ ಹಿಡಿದು, ಮುಖವನ್ನು ಬಾಗಿಲಿನ ಬೆಳಕಿನ ಕಡೆ ತಿರುಗಿಸಿದರು.

"ಈಗ ಹೇಳು, ಮಗಳೇ. ಅವಸರ ಬೇಡ, ಒಂದೊಂದೇ ಅಕ್ಷರ ಬಿಡಿಸಿ ಹೇಳು. ಯಾರವನು?"

ಅವರ ಕಣ್ಣು ನನ್ನ ತುಟಿಗಳ ಮೇಲೆ ನೆಟ್ಟಿತ್ತು.